ಟರ್ಮಿನಲ್‌ನಲ್ಲಿ 8.3, ಸೈಟ್‌ನಲ್ಲಿ ಇನ್ನೂ 7.4!

ಪ್ರಶ್ನೆ: ನಮ್ಮೂರ ಗ್ರಂಥಾಲಯದ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ಸರ್ವರ್‌ನಲ್ಲಿ ಉಬುಂಟು 22.04, ಎಂಜಿನ್‌ಎಕ್ಸ್ (ವೆಬ್ ಸರ್ವರ್), ಸೈಟ್ ಬರೆದಿರುವ ಭಾಷೆ ಪಿಎಚ್‌ಪಿ 7.4 ಇವೆ. ಮೊನ್ನೆ ಒಂಡ್ರೇ ಸೂರಿಯವರ ಪಿಪಿಎ ಎಂಬ ಪ್ಯಾಕೇಜ್ ಭಂಡಾರದಿಂದ 8.3 ಹಾಕಿದೆ. ಟರ್ಮಿನಲ್‌ನಲ್ಲಿ ವರ್ಷನ್ ಕೇಳಿದರೆ 8.3 ಅನ್ನುತ್ತದೆ. ಸೈಟ್ ಮಾತ್ರ 7.4ರಲ್ಲೇ ಓಡುತ್ತಿದೆ. ಎರಡು ಸಲ ರೀಸ್ಟಾರ್ಟ್ ಮಾಡಿದ್ದಾಯಿತು. ಹಳೆಯದನ್ನು ಕಿತ್ತುಹಾಕಿದರೆ ಸರಿಹೋಗುತ್ತದೆಯೇ?
– ಓದುಗರೊಬ್ಬರು, ಸಾಗರ

ಉತ್ತರ: ದಯವಿಟ್ಟು ಕಿತ್ತುಹಾಕಬೇಡಿ. ಈಗ ಕಿತ್ತರೆ ಸೈಟ್ 502 ಎರರ್ ತೋರಿಸಿ ಮಲಗಿಬಿಡುತ್ತದೆ.

ಒಂದೇ ಸರ್ವರ್‌ನಲ್ಲಿ ಎರಡು ಪಿಎಚ್‌ಪಿ ಜಗಳವಿಲ್ಲದೆ ಇರಬಲ್ಲವು. ಟರ್ಮಿನಲ್‌ನಲ್ಲಿ ಉತ್ತರ ಕೊಡುವುದು ಒಂದು, ಸೈಟ್‌ಗೆ ದುಡಿಯುವುದು ಇನ್ನೊಂದು. ಸೈಟ್‌ಗೆ ಯಾವುದು ಅಂತ ತೀರ್ಮಾನಿಸುವುದು ಎಂಜಿನ್‌ಎಕ್ಸ್. ಅದರ ಕಾನ್ಫಿಗ್ ಫೈಲ್‌ನಲ್ಲಿ 7.4ರ ಎಫ್‌ಪಿಎಂ (ಸೈಟ್‌ಗಾಗಿ ಪಿಎಚ್‌ಪಿ ಓಡಿಸುವ ಸೇವೆ) ಸಾಕೆಟ್, ಅಂದರೆ ಅದನ್ನು ತಲುಪುವ ವಿಳಾಸ, ಇನ್ನೂ ಹಾಗೇ ಇರುತ್ತದೆ. ಆ ಸಾಲು ಬದಲಾಗದೆ ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಅಷ್ಟೇ.

ಆದರೆ ಈ ಹೊತ್ತಿಗೇ ಇನ್ನೊಂದು ಕಡೆ ನೀವು 8.3ಕ್ಕೆ ಹೋಗಿಬಿಟ್ಟಿದ್ದೀರಿ! ರಾತ್ರಿ ಓಡುವ ಕ್ರಾನ್ ಕೆಲಸಗಳು (ಗೊತ್ತುಮಾಡಿದ ಹೊತ್ತಿಗೆ ತಾವಾಗಿ ಓಡುವ ಸ್ಕ್ರಿಪ್ಟ್‌ಗಳು) ಸಾಮಾನ್ಯವಾಗಿ ಟರ್ಮಿನಲ್‌ನ ಪಿಎಚ್‌ಪಿಯನ್ನೇ ಬಳಸುತ್ತವೆ. ಪುಸ್ತಕ ಮರಳಿಸಿ ಅಂತ ಸದಸ್ಯರಿಗೆ ಮೇಲ್ ಕಳಿಸುವ ಸ್ಕ್ರಿಪ್ಟ್ ಏನಾದರೂ ಇದ್ದರೆ, ಮೊನ್ನೆಯಿಂದ ಅದು ಹೋಗುತ್ತಿದೆಯೋ ಇಲ್ಲವೋ ಮೊದಲು ನೋಡಿ.

ಆಮೇಲೆ 8.3ರ ಎಫ್‌ಪಿಎಂ ಪ್ಯಾಕೇಜ್ ಬಂದಿದೆಯಾ ನೋಡಿ. ಎಷ್ಟೋ ಸಲ ಬರೀ ಪಿಎಚ್‌ಪಿ 8.3 ಅಂತ ಕೇಳಿದರೆ ಅದು ಕರೆಯದೇ ಇದ್ದ ಅಪಾಚೆ ಎಂಬ ಇನ್ನೊಂದು ವೆಬ್ ಸರ್ವರನ್ನು ಜೊತೆಗೆ ಕರೆತರುತ್ತದೆ. ಅದು ಎಂಜಿನ್‌ಎಕ್ಸ್ ಜೊತೆ 80ನೇ ಪೋರ್ಟ್‌ಗೆ ಕಿತ್ತಾಡುತ್ತದೆ.

ಎಕ್ಸ್‌ಟೆನ್ಷನ್‌ಗಳು (ಪಿಎಚ್‌ಪಿಗೆ ಸೇರಿಸಿಕೊಳ್ಳುವ ಮಾಡ್ಯೂಲ್‌ಗಳು) ತಾವಾಗಿ ಬರುವುದಿಲ್ಲ. ಹಳೇ ಪಿಎಚ್‌ಪಿಯ ಮಾಡ್ಯೂಲ್ ಪಟ್ಟಿ ತೆಗೆದು ಹೊಸದರ ಪಟ್ಟಿಯ ಪಕ್ಕ ಇಟ್ಟು ನೋಡಿ. ಡೇಟಾಬೇಸ್ ಜೋಡಿಸುವ ಮೈಎಸ್‌ಕ್ಯೂಎಲ್ ಬಿಟ್ಟುಹೋದರೆ ತಕ್ಷಣ ಗೊತ್ತಾಗುತ್ತದೆ. ಹಲವು ಬೈಟ್‌ಗಳ ಅಕ್ಷರಗಳನ್ನು ನೋಡಿಕೊಳ್ಳುವ ಎಂಬಿಸ್ಟ್ರಿಂಗ್ ಕಡೆ ಜಾಸ್ತಿ ಗಮನ ಬೇಕು, ಯಾಕೆಂದರೆ ನಿಮ್ಮದು ಕನ್ನಡ ಸೈಟ್. ‘ಕನ್ನಡ’ ಅನ್ನುವ ಪದಕ್ಕೆ ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) 15 ಬೈಟ್ ಬೇಕು. ಎಂಬಿಸ್ಟ್ರಿಂಗ್ ಇಲ್ಲದಿದ್ದರೆ ಅದನ್ನು ನೆಚ್ಚಿದ ಪುಟಗಳು ನಿಂತುಹೋಗುತ್ತವೆ. ಆಗ ಸುಮ್ನೆ ಬೈಟ್ ಎಣಿಸಿ ಕತ್ತರಿಸುವ ಮಾಮೂಲಿ ಸಬ್‌ಸ್ಟ್ರಿಂಗ್ ಫಂಕ್ಷನ್ ಹಾಕಿ ತೇಪೆ ಹಚ್ಚಿದಿರೋ, ಅಕ್ಷರ ಅರ್ಧಕ್ಕೆ ತುಂಡಾಗಿ ಪ್ರಶ್ನಾರ್ಥಕ ಚಿಹ್ನೆ ಕೂರುತ್ತದೆ.

ಪಿಎಚ್‌ಪಿ ಐಎನ್‌ಐ ಎಂಬ ಸೆಟ್ಟಿಂಗ್ ಫೈಲ್ ಕೂಡ 8.3ಕ್ಕೆ ಬೇರೆಯೇ. ಹಳೆಯದರಲ್ಲಿ ನೀವು ಹೆಚ್ಚಿಸಿಕೊಂಡಿದ್ದ ಅಪ್‌ಲೋಡ್ ಮಿತಿ ಹೊಸದರಲ್ಲಿ ಮತ್ತೆ 2 ಎಂಬಿ ಆಗಿರುತ್ತದೆ.

ಇಷ್ಟಾದ ಮೇಲೆ ಸೈಟ್‌ನದೂ ಡೇಟಾಬೇಸ್‌ನದೂ ಒಂದು ನಕಲು ಮಾಡಿ, 8080 ಪೋರ್ಟ್‌ನಲ್ಲಿ 8.3ರ ಸಾಕೆಟ್‌ಗೆ ಜೋಡಿಸಿ ಓಡಿಸಿ. ಎರರ್ ಲಾಗ್ ತೆರೆದಿಟ್ಟುಕೊಂಡು ಪುಟಪುಟವನ್ನೂ ಒತ್ತಿ ನೋಡಿ. ಈಚ್, ಕ್ರಿಯೇಟ್ ಫಂಕ್ಷನ್ ತರಹದ ಹಳೇ ಫಂಕ್ಷನ್‌ಗಳು 8ರಿಂದ ಇಲ್ಲ, ಅವು ಕೂಗಿ ಹೇಳುತ್ತವೆ. ನನಗೆ ಭಯ ಕೂಗದೇ ಇರುವುದರ ಮೇಲೆ. ಎರಡು ಸಮಚಿಹ್ನೆ ಹಾಕಿ ಸೊನ್ನೆಯನ್ನೂ ‘ರಾಮ’ ಅನ್ನುವ ಪದವನ್ನೂ ಹೋಲಿಸಿದರೆ 7.4 ಎರಡೂ ಒಂದೇ ಅನ್ನುತ್ತಿತ್ತು. 8ರಿಂದ ಹಾಗಲ್ಲ. ದಂಡದ ಲೆಕ್ಕ, ಲಾಗಿನ್, ಹುಡುಕಾಟ ಇವನ್ನು ಕೈಯಾರೆ ಪರೀಕ್ಷಿಸಿ.

ಎಲ್ಲ ಸರಿ ಅನಿಸಿದಾಗ ಅಸಲಿ ಸೈಟ್‌ನ ಆ ಒಂದು ಸಾಲು ಬದಲಿಸಿ, ಎಂಜಿನ್‌ಎಕ್ಸ್ ಕಾನ್ಫಿಗ್ ಟೆಸ್ಟ್ ಮಾಡಿ, ರೀಲೋಡ್ ಮಾಡಿ. ತೊಂದರೆಯಾದರೆ ಅದೇ ಸಾಲನ್ನು ಹಿಂದಕ್ಕೆ ತಿರುಗಿಸಿದರಾಯಿತು. ಹಳೆಯದನ್ನು ಇಟ್ಟುಕೊಳ್ಳಿ ಅಂದಿದ್ದು ಇದಕ್ಕೇ. ಎರಡು ಮೂರು ವಾರ ಸಾಕು, ಆಮೇಲೆ ತೆಗೆದುಬಿಡಿ. ಪಿಎಚ್‌ಪಿ ತಂಡ 7.4ಕ್ಕೆ ಭದ್ರತಾ ತೇಪೆ ಕೊಡುವುದನ್ನು 2022ರ ನವೆಂಬರ್‌ನಲ್ಲೇ ನಿಲ್ಲಿಸಿದೆ. 8.3ಕ್ಕೆ 2027ರ ಡಿಸೆಂಬರ್‌ವರೆಗೆ ಸಿಗುತ್ತದೆ.

ಪ್ರಶ್ನೆ: ಉಬುಂಟು 22.04ರಲ್ಲಿ ಪೈಥಾನ್ 3.12 ಹಾಕಿ, ಪೈಥಾನ್3 ಅನ್ನುವ ಹೆಸರನ್ನು ಅದಕ್ಕೆ ತಿರುಗಿಸಿದೆ. ಈಗ ಹೊಸ ಪಿಪಿಎ ಸೇರಿಸಲು ಹೋದರೆ ಎಪಿಟಿ (ಉಬುಂಟುವಿನ ಪ್ಯಾಕೇಜ್ ಸಾಧನ) ಮಾಡ್ಯೂಲ್ ಸಿಗುತ್ತಿಲ್ಲ ಎಂಬ ಎರರ್ ಬರುತ್ತಿದೆ.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಆ ಹೆಸರನ್ನು ಮತ್ತೆ 3.10ಕ್ಕೇ ತಿರುಗಿಸಿ, ಸರಿಹೋಗುತ್ತದೆ. 22.04ರ ಸಾಧನಗಳು ನೆಚ್ಚಿಕೊಂಡಿರುವುದು 3.10 ಅನ್ನು. ಅದು ಉಬುಂಟುವಿನ ಸ್ವಂತ ಪೈಥಾನ್, ನಮ್ಮದಲ್ಲ. ನಿಮ್ಮ ಪ್ರಾಜೆಕ್ಟ್‌ಗೆ 3.12 ಬೇಕಿದ್ದರೆ ಅದರಲ್ಲೇ ಒಂದು ವರ್ಚುವಲ್ ಎನ್ವಿರಾನ್ಮೆಂಟ್ (ಆ ಪ್ರಾಜೆಕ್ಟ್‌ಗೇ ಮೀಸಲಾದ ಜಾಗ) ಮಾಡಿಕೊಂಡು ಲೈಬ್ರರಿಗಳನ್ನು ಅದರೊಳಗೇ ಹಾಕಿ.