‘ಅಂತೆ’ ಯಾವಾಗ ಉದುರಿಹೋಯಿತು?

ನಿಮ್ಮ ಪ್ರಶ್ನೆ: ಮುಸ್ಲಿಮರ ಬಗ್ಗೆ ಜನರಿಗಿರುವ ಅಸಹನೆಯನ್ನು ರಾಜಕಾರಣಿಗಳ ಮಾತು ಹುಟ್ಟಿಸುತ್ತದೆಯೋ, ಇಲ್ಲ ಮೊದಲೇ ಒಳಗಿದ್ದದ್ದನ್ನು ಹೊರಗೆ ತರುತ್ತದೆಯೋ?

ನಾನು ಮಂಡ್ಯ ಜಿಲ್ಲೆಯವನು. ದೊಡ್ಡ ಸಿದ್ಧಾಂತವೇನೂ ನನಗೆ ಗೊತ್ತಿಲ್ಲ, ಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ.

ಮೊದಲೇ ಒಳಗಿತ್ತು, ಅದನ್ನು ಒಪ್ಪಿಕೊಂಡುಬಿಡೋಣ. ‘ಹಿಂದೆಲ್ಲ ಅಣ್ಣತಮ್ಮಂದಿರ ಹಾಗಿದ್ದೆವು’ ಅನ್ನುವುದು ಅರ್ಧ ಮಾತ್ರ ನಿಜ. ಬಾಬಯ್ಯನ ಹಬ್ಬಕ್ಕೆ, ಅಂದರೆ ಮೊಹರಂಗೆ, ನಮ್ಮವರು ಸಕ್ಕರೆ ಓದಿಸಲು ಹೋಗುತ್ತಿದ್ದರು. ಅದೇ ಜನ ಸಾಬರು ಬಾಡಿಗೆಗೆ ಮನೆ ಕೇಳಿಕೊಂಡು ಬಂದರೆ ‘ಅಯ್ಯೋ, ನಿನ್ನೆ ತಾನೆ ಕೊಟ್ಬುಟ್ಟೊ’ ಅನ್ನುತ್ತಿದ್ದರು. ಆದರೆ ಆಗಿನ ಅಸಹನೆಯ ಬಾಲಕ್ಕೆ ಒಂದು ‘ಅಂತೆ’ ಇರುತ್ತಿತ್ತು. ‘ಅವರು ಹಂಗಂತೆ, ಹಿಂಗಂತೆ.’ ನಾನು ಕಂಡಿಲ್ಲ, ಯಾರೋ ಹೇಳಿದರು ಎಂಬ ಸಣ್ಣ ಅಳುಕು ಅದು. ಎದುರಿಗೆ ಪರಿಚಯದ ಸಾಬರು ಸಿಕ್ಕರೆ ಆ ‘ಅಂತೆ’ಯನ್ನು ಜೇಬಿಗೆ ಹಾಕಿಕೊಂಡು ಕಾಫಿಗೆ ಕೂರಬಹುದಿತ್ತು. ನಾನು ಕಂಡಂತೆ, ವೇದಿಕೆಯ ಮಾತು ಮಾಡುವ ಮುಖ್ಯ ಕೆಲಸವೆಂದರೆ ಈ ‘ಅಂತೆ’ಯನ್ನು ಉದುರಿಸುವುದು.

2022ರ ಯುಗಾದಿ ಏಪ್ರಿಲ್ 2ಕ್ಕೆ. ಮಾರನೆಯ ದಿನ ಹೊಸತೊಡಕು. ಹಳೇ ಮೈಸೂರಿನ ಕಡೆಯವರಿಗೆ ಹೊಸತೊಡಕಿನ ಬಾಡೂಟ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಯುಗಾದಿಗೆ ನಾಲ್ಕು ದಿನ ಮುಂಚೆ, ಆಗ ಬಿಜೆಪಿಯ ರಾಷ್ಟ್ರೀಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಸಿ.ಟಿ. ರವಿಯವರು ಹಲಾಲನ್ನು ‘ಆರ್ಥಿಕ ಜಿಹಾದ್’ ಎಂದು ಕರೆದರು. ಅಷ್ಟರಲ್ಲಾಗಲೇ ಹಲಾಲ್ ಮಾಂಸ ಬಿಡಿ, ಒಂದೇ ಏಟಿಗೆ ಕಡಿದ ಜಟ್ಕಾ ಮಾಂಸ ತನ್ನಿ ಎಂಬ ಅಭಿಯಾನ ಶುರುವಾಗಿತ್ತು.

ನಮ್ಮ ದೊಡ್ಡಪ್ಪ ಎಷ್ಟೋ ವರ್ಷದಿಂದ ಒಂದೇ ಅಂಗಡಿಯಲ್ಲಿ ಬಾಡು ತರುತ್ತಿದ್ದವರು. ಕುಯ್ಯುವಾಗ ಸಾಬರು ಏನೋ ಹೇಳಿಕೊಳ್ಳುತ್ತಾರೆ ಎಂಬುದು ಅವರಿಗೆ ಹೊಸ ಸಂಗತಿಯಲ್ಲ. ಕಣ್ಣಾರೆ ಕಂಡದ್ದು, ಕಂಡೂ ಲೆಕ್ಕಕ್ಕೆ ಇಡದೆ ಇದ್ದದ್ದು. ಆ ವಾರ ಮಾತ್ರ ‘ಅದರ ದುಡ್ಡೆಲ್ಲ ಎಲ್ಲಿಗೋ ಓಯ್ತದೆ ಕಣ್ಲಾ’ ಅಂದರು. ಗಮನಿಸಿ, ‘ಓಯ್ತದಂತೆ’ ಅಲ್ಲ, ‘ಓಯ್ತದೆ’.

ಎಲ್ಲಿಗೆ ಹೋಗುತ್ತದೆ? ಪ್ಯಾಕೆಟ್ ಮಾಡಿ ಮಾರುವ, ಹೊರದೇಶಕ್ಕೆ ಕಳಿಸುವ ಪದಾರ್ಥಗಳಿಗೆ ಶುಲ್ಕ ಕಟ್ಟಿ ಹಲಾಲ್ ಸರ್ಟಿಫಿಕೇಟ್ ಪಡೆಯುವ ಪದ್ಧತಿ ಬೇರೆ. ಕುರಿಯ ಕತ್ತಿನ ಮೇಲೆ ಕತ್ತಿ ಇಡುವಾಗ ದೇವರ ಹೆಸರು ಹೇಳುವುದು ಬೇರೆ. ನಮ್ಮ ದೊಡ್ಡಪ್ಪ ಹೋಗುವ ಅಂಗಡಿಗೆ ಬೋರ್ಡೇ ಇಲ್ಲ, ಇನ್ನು ಸರ್ಟಿಫಿಕೇಟ್ ಎಲ್ಲಿಯದು! ಆ ಕುರಿ ಸಾಕಿದವನು ಗೌಡನೋ ಕುರುಬನೋ ಆಗಿರುತ್ತಾನೆ, ತಿನ್ನುವವರು ನಾವು. ನಡುವೆ ಕುಯ್ದು ತೂಗಿ ಕೊಡುವವನ ಕೈಗೆ ಸಿಗುವ ನಾಲ್ಕು ಕಾಸು ‘ಜಿಹಾದ್’ ಆಗಿಹೋಯಿತು. ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಪದದಲ್ಲಿ ಗಂಟುಹಾಕಿದ್ದರಿಂದ ಆದದ್ದು ಇದು. ಆ ಗಂಟು ಬಿಚ್ಚಲು ನನಗೆ ಮುಕ್ಕಾಲು ಗಂಟೆ ಬೇಕಾಯಿತು. ಬಿಚ್ಚಿದ ಮೇಲೂ ದೊಡ್ಡಪ್ಪ ‘ಇರ್ಬೋದು ಬುಡು’ ಅಂದರೇ ಹೊರತು ಹ್ಞೂಂ ಅನ್ನಲಿಲ್ಲ.

‘ಜಿಹಾದ್’ ಎಂಬ ಪದ ಯಾವುದಕ್ಕೆ ಬೇಕಾದರೂ ಅಂಟುತ್ತದೆ. ಲವ್ ಜಿಹಾದ್, ಲ್ಯಾಂಡ್ ಜಿಹಾದ್, ಕೊರೊನಾ ಜಿಹಾದ್. ಸರ್ಕಾರಿ ಪರೀಕ್ಷೆ ಪಾಸಾದರೆ ಅದಕ್ಕೂ ಯುಪಿಎಸ್‌ಸಿ ಜಿಹಾದ್ ಅಂತ ಒಂದು ಚಾನೆಲ್ ಕಾರ್ಯಕ್ರಮ ಮಾಡಿತು, 2020ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಅದನ್ನು ತಡೆಯಬೇಕಾಯಿತು. ಮದುವೆ, ಸೈಟು, ಕೆಮ್ಮು, ಓದು, ಬಾಡು ಎಲ್ಲವೂ ಎಲ್ಲರೂ ಮಾಡುವ ಕೆಲಸಗಳೇ. ಅವರು ಮಾಡಿದಾಗ ಮಾತ್ರ ಹಿಂದೆ ಒಂದು ಸಂಚು ಕಾಣಬೇಕು, ಪದದ ಕೆಲಸ ಅಷ್ಟೇ. ‘ಲವ್ ಜಿಹಾದ್’ಗೆ ಕಾನೂನಿನಲ್ಲಿ ವ್ಯಾಖ್ಯೆಯಿಲ್ಲ, ಕೇಂದ್ರದ ಯಾವ ತನಿಖಾ ಸಂಸ್ಥೆಯೂ ಅಂಥ ಪ್ರಕರಣ ವರದಿ ಮಾಡಿಲ್ಲ ಎಂದು 2020ರ ಫೆಬ್ರುವರಿಯಲ್ಲಿ ಲೋಕಸಭೆಗೆ ಉತ್ತರ ಕೊಟ್ಟದ್ದು ಬಿಜೆಪಿಯ ಕೇಂದ್ರ ಗೃಹ ಖಾತೆಯೇ. ಆ ಉತ್ತರ ನಮ್ಮೂರ ವಾಟ್ಸಾಪ್ ಗುಂಪಿಗೆ ಬರಲಿಲ್ಲ.

ಒಂದೇ ಪಕ್ಷದ ತಲೆಗೆ ಎಲ್ಲವನ್ನೂ ಕಟ್ಟುವುದೂ ಬೇಡ. ಅದೇ 2022ರ ಮಾರ್ಚ್‌ನಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕಬಾರದು ಎಂಬ ಬ್ಯಾನರ್‌ಗಳು ಎದ್ದಾಗ, ಆಗಿನ ಕಾನೂನು ಸಚಿವ ಜೆ.ಸಿ. ಮಾಧುಸ್ವಾಮಿಯವರು ವಿಧಾನಸಭೆಯಲ್ಲಿ ಬೊಟ್ಟು ಮಾಡಿದ್ದು 2002ರ ಮುಜರಾಯಿ ನಿಯಮಕ್ಕೆ. ದೇವಸ್ಥಾನದ ಹತ್ತಿರದ ಆಸ್ತಿಯನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆಗೆ ಕೊಡಬಾರದು ಎಂಬ ಆ ನಿಯಮ ಬಂದಾಗ ಇದ್ದದ್ದು ಎಸ್.ಎಂ. ಕೃಷ್ಣ ಅವರ ಕಾಂಗ್ರೆಸ್ ಸರ್ಕಾರ. ಇಪ್ಪತ್ತು ವರ್ಷ ಕಡತದಲ್ಲಿ ಮಲಗಿದ್ದದ್ದು ಬ್ಯಾನರಿನ ಬೆನ್ನಿಗೆ ಬಂದು ನಿಂತಿತು. ಬ್ಯಾನರ್ ಕಂಡ ಮುಲ್ಕಿಯ ಬಪ್ಪನಾಡಿನಲ್ಲಿ ದೇವಿಯ ಗುಡಿಯ ಕತೆಯೇ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯಿಂದ ಶುರುವಾಗುತ್ತದೆ! ಏಪ್ರಿಲ್ 9ಕ್ಕೆ ಧಾರವಾಡದ ನುಗ್ಗಿಕೇರಿ ಹನುಮಂತನ ಗುಡಿ ಮುಂದೆ ಒಬ್ಬ ಮುಸ್ಲಿಂ ಮುದುಕನ ಕಲ್ಲಂಗಡಿ ಹಣ್ಣುಗಳನ್ನು ನೆಲಕ್ಕೆ ಬಡಿದರು. ಆ ಹಣ್ಣು ಒಡೆದವರಿಗೆ ಯಾವ ಭಾಷಣವೂ ‘ಹೋಗಿ ಒಡೆಯಿರಿ’ ಅಂದಿರಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಹಾಗಾದರೆ ಏನು ಹೇಳಿದರೂ ಜನ ನಂಬಿಬಿಡುತ್ತಾರೆಯೇ? ಇಲ್ಲ. ಅದಕ್ಕೂ ಮಂಡ್ಯದ್ದೇ ಉದಾಹರಣೆ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸತ್ತದ್ದು ಬ್ರಿಟಿಷರ ಜೊತೆಗಿನ ಯುದ್ಧದಲ್ಲಿ. 2023ರ ಚುನಾವಣೆಗೆ ಮುಂಚೆ, ಕೊಂದವರು ಉರಿಗೌಡ, ನಂಜೇಗೌಡ ಎಂಬ ಇಬ್ಬರು ಒಕ್ಕಲಿಗರು ಎಂಬ ಕತೆ ಹೊರಟಿತು. ಮಾರ್ಚ್‌ನಲ್ಲಿ ಪ್ರಧಾನಿ ಮಂಡ್ಯಕ್ಕೆ ಬಂದಾಗ ಸ್ವಾಗತದ ಮಹಾದ್ವಾರಕ್ಕೇ ಆ ಹೆಸರು ಹಾಕಿದ್ದರು, ಗಲಾಟೆಯಾಗಿ ಬದಲಾಯಿಸಿದರು. ಸಚಿವ ಮುನಿರತ್ನ ಸಿನಿಮಾ ಮಾಡಲು ಹೊರಟರು. ಒಕ್ಕಲಿಗರ ಮಠವಾದ ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿ ಅವರನ್ನು ಕರೆಸಿ ಮಾತಾಡಿದ ಮೇಲೆ ಅದೂ ಬಿಟ್ಟುಹೋಯಿತು. ನಮ್ಮ ದೊಡ್ಡಪ್ಪನಂಥವರು ‘ನಮ್ಮಟ್ಟೀಲಿ ಯಾರೂ ಕೇಳ್ದೇ ಇರೋ ಗೌಡ ಯಾವನ್ಲಾ ಇವ್ನು’ ಅಂತ ನಕ್ಕರು. ತಮ್ಮ ಜಾತಿಯ ವಿಷಯವಾದ್ದರಿಂದ ಪರೀಕ್ಷೆ ಮಾಡಿ ನೋಡಿದರು. ಹಲಾಲ್ ವಿಷಯದಲ್ಲಿ ಅಷ್ಟು ಶ್ರಮ ತೆಗೆದುಕೊಳ್ಳಲಿಲ್ಲ, ನಷ್ಟ ಬೇರೆಯವರದಾಗಿತ್ತಲ್ಲ.

ನಾಯಕರ ಮಾತು ಎರಡೂ ಕಡೆಗೆ ಎಳೆಯುತ್ತದೆ ಅನ್ನುವುದಕ್ಕೆ ಇನ್ನೊಂದು: 2020ರ ಏಪ್ರಿಲ್‌ನಲ್ಲಿ ದೆಹಲಿಯ ತಬ್ಲೀಗಿ ಜಮಾತ್ ಸಭೆಯಿಂದ ಕೊರೊನಾ ಹರಡಿತು ಎಂಬ ಸುದ್ದಿ ಇಪ್ಪತ್ನಾಲ್ಕು ಗಂಟೆ ಓಡುತ್ತಿದ್ದಾಗ, ಇಡೀ ಸಮುದಾಯವನ್ನು ದೂರಿದರೆ ಕ್ರಮ ತೆಗೆದುಕೊಳ್ಳುತ್ತೇನೆ ಎಂದು ಮುಖ್ಯಮಂತ್ರಿ ಯಡಿಯೂರಪ್ಪ ಟಿವಿಯಲ್ಲೇ ಹೇಳಿದರು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ‘ಉಗುಳುವ’ ವಿಡಿಯೊ ಬರಲಿಲ್ಲ. ಮೂರನೆಯ ದಿನ ಬಂತು ಅನ್ನಿ.

ಆ ಹೊಸತೊಡಕಿಗೆ ದೊಡ್ಡಪ್ಪ ಜಟ್ಕಾ ಅಂಗಡಿಯ ಸಾಲಿನಲ್ಲಿ ನಿಂತು ಬಾಡು ತಂದರು. ಮರುವರ್ಷ ಹಳೆಯ ಅಂಗಡಿಗೇ ಹೋದರು. ಕೇಳಿದ್ದಕ್ಕೆ, ‘ಇವ್ನು ಮೂಳೆ ಕಮ್ಮಿ ಆಕ್ತಾನೆ’ ಅಂದರು. ನಡುವಿನ ವರ್ಷದ ವಿಷಯ ದೊಡ್ಡಪ್ಪ ಎತ್ತಲಿಲ್ಲ, ಅಂಗಡಿಯವರೂ ಎತ್ತಲಿಲ್ಲ. ಮೊದಲು ಸುಮ್ಮನೆ ಹಾಕುತ್ತಿದ್ದ ಲಿವರ್ ತುಂಡಿಗೆ ಮಾತ್ರ ಆಮೇಲಿಂದ ದುಡ್ಡು ತೆಗೆದುಕೊಳ್ಳುತ್ತಾರೆ.