ಕಣಕಾಲಿನ ಹಳೇ ನೋವಿಗೆ ಚೀನೀ ವೈದ್ಯರ ಹತ್ತಿರ ಹೋಗಬಹುದಾ?

ಓಡಲು ಶುರು ಮಾಡಿದ ಮೇಲೆ ಕಣಕಾಲಿನ (ಮಂಡಿಗೂ ಪಾದಕ್ಕೂ ನಡುವಿನ) ಮೂಳೆ ಪಕ್ಕ ತಿಂಗಳುಗಟ್ಟಲೆ ನೋವು, ಸಿಂಗಪುರದಲ್ಲಿದ್ದೇನೆ, ಇಲ್ಲಿನ ಚೀನೀ ವೈದ್ಯದಿಂದ ವಾಸಿಯಾಗುತ್ತಾ ಅಂತ ಕೇಳಿದ್ದೀರಿ. ಇದೇ ನೋವಿಗೆ ಇದೇ ಊರಲ್ಲಿ ನಾನೂ ಹೋಗಿದ್ದೆ. ಕಡಿಮೆಯಾಯಿತು. ಆದರೆ ಪೂರ್ತಿ ಕ್ರೆಡಿಟ್ ಅವರು ಚುಚ್ಚುವ ಸೂಜಿಗೆ (ಅಕ್ಯುಪಂಕ್ಚರ್) ಕೊಡಲು ನನಗೆ ಮನಸ್ಸಿಲ್ಲ.

ಅದಕ್ಕೂ ಮೊದಲು ಮೂಳೆಯ ಒಳಬದಿಯನ್ನು ಬೆರಳಿಂದ ಉದ್ದಕ್ಕೂ ಒತ್ತಿ ನೋಡಿ. ನಾಲ್ಕೈದು ಬೆರಳಿನಗಲ ಎಲ್ಲಾ ಕಡೆ ನೋಯುತ್ತಿದ್ದರೆ ಅದು ಓಡುವವರಿಗೆ ಬರುವ ಮಾಮೂಲಿ ಶಿನ್ ಸ್ಪ್ಲಿಂಟ್ಸ್ ಇರಬಹುದು. ನಾಣ್ಯದಷ್ಟು ಜಾಗದಲ್ಲಿ ಮಾತ್ರ ಚುರ್ ಅಂದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಮೂಳೆಯಲ್ಲಿ ಕೂದಲೆಳೆಯ ಬಿರುಕಿರಬಹುದು. ಶುರುವಿನಲ್ಲಿ ಎಕ್ಸ್‌ರೇಯಲ್ಲೂ ಅದು ಕಾಣಿಸದೆ ಹೋಗುತ್ತದೆ, ಎಂಆರ್‌ಐ ಬೇಕಾಗಬಹುದು. ಓಡುವಾಗ ಕಾಲು ಬಿಗಿದು ಪಾದ ಜೋಮು ಹಿಡಿದರೂ ಅಷ್ಟೇ, ಮೊದಲು ಮೂಳೆ ಡಾಕ್ಟರ್, ಸೂಜಿ ಆಮೇಲೆ.

ನಾನು ಹೋದ ಕಡೆ ಸಿನ್ಸೆ (ಚೀನೀ ವೈದ್ಯರನ್ನು ಇಲ್ಲಿ ಹಾಗೇ ಕರೆಯುತ್ತಾರೆ) ಎರಡೂ ಕೈಯ ನಾಡಿ ಹಿಡಿದರು, ನಾಲಿಗೆ ಚಾಚು ಅಂದರು. ನೋವು ಕಾಲಲ್ಲಿ, ನಾಲಿಗೆ ಯಾಕೆ ಸ್ವಾಮಿ ಅನ್ನಿಸಿತು. ಅವರ ಲೆಕ್ಕ ಬೇರೆ. ‘ಬು ತೋಂಗ್ ಜ಼ ತೋಂಗ್’ ಅಂತ ಒಂದು ಮಾತಿದೆ, ಹರಿಯದಿದ್ದರೆ ನೋಯುತ್ತದೆ ಅಂತ ಅರ್ಥ. ಎರಡು ತೋಂಗ್‌ಗಳೂ ಬೇರೆ ಬೇರೆ ಪದ, ಕೇಳಲು ಒಂದೇ ಥರ, ದನಿಯ ಏರಿಳಿತ ಮಾತ್ರ ಬೇರೆ. ರಕ್ತ ಮತ್ತು ‘ಚಿ’ (ಮೈಯಲ್ಲಿ ಹರಿಯುತ್ತದೆ ಅಂತ ಅವರು ನಂಬುವ ಪ್ರಾಣಶಕ್ತಿ) ಕಟ್ಟಿಕೊಂಡಿದೆ, ಅದನ್ನು ಬಿಡಿಸಬೇಕು, ಅಷ್ಟೇ ಅವರ ಸಿದ್ಧಾಂತ.

ಆಮೇಲೆ ಹೆಬ್ಬೆರಳಿಂದ ಒತ್ತುತ್ತಾ ಹೋದರು. ಒಂದು ಕಡೆ ನಾನು “ಅಯ್ಯೋ, ಅಲ್ಲೇ!” ಅಂತ ಕೂಗಿದೆ, ಅವರು ನಕ್ಕರು. ಅದಕ್ಕೆ ‘ಅಶಿ’ ಬಿಂದು ಅಂತಲೇ ಹೆಸರಂತೆ, “ಹಾ, ಇದೇ” ಅಂತ. 7ನೇ ಶತಮಾನದ ವೈದ್ಯ ಸುನ್ ಸಿಮಿಯಾವ್ ಬರೆದಿಟ್ಟಿದ್ದು. ಅದರ ಜೊತೆ ಮಂಡಿಚಿಪ್ಪಿನ ಕೆಳಗೆ ನಾಲ್ಕು ಬೆರಳು ಬಿಟ್ಟು, ಮೂಳೆಯಿಂದ ಒಂದು ಬೆರಳು ಹೊರಗಿರುವ ‘ಜ಼ುಸಾನ್‌ಲಿ’ಗೆ ಒಂದು ಸೂಜಿ, ಮೀನಖಂಡದ ‘ಚೆಂಗ್‌ಶಾನ್’ಗೆ ಒಂದು. ಇಂಜೆಕ್ಷನ್ ಥರ ನೋಯಲ್ಲ. ಒಳಗೆ ಏನೋ ಭಾರವಾಗಿ ಎಳೆದ ಹಾಗಾಗುತ್ತದೆ. ಕೊನೆಗೆ ಮಾಕ್ಸಾ ಹೊಗೆ ಕೊಟ್ಟರು. ನಮ್ಮ ದವನದ ಜಾತಿಗೇ ಸೇರಿದ ಗಿಡದ ಎಲೆ ಅದು, ಆದರೆ ಹೊಗೆ ಹೆಚ್ಚುಕಡಿಮೆ ಗಾಂಜಾ ವಾಸನೆ. ಸಿಂಗಪುರದಲ್ಲಿ ಆ ಶರ್ಟ್ ಹಾಕಿಕೊಂಡು ಎಂಆರ್‌ಟಿ (ಇಲ್ಲಿನ ಮೆಟ್ರೋ ರೈಲು) ಹತ್ತಿದ್ದು ನನ್ನ ಧೈರ್ಯ!

ಆರು ಸಲ ಹೋದೆ. ಪ್ರತಿ ಸಲವೂ ಎರಡು ಮೂರು ದಿನ ಹಾಯೆನಿಸಿ ಮತ್ತೆ ಬರುತ್ತಿತ್ತು. ಮೂರನೇ ಸಲ ಅವರೇ ಕೇಳಿದರು, ವಾರಕ್ಕೆ ಎಷ್ಟು ಓಡುತ್ತೀಯ? ಮೂರೇ ವಾರದಲ್ಲಿ 10 ಕಿಲೋಮೀಟರ್‌ನಿಂದ 30ಕ್ಕೆ ಏರಿಸಿದ್ದೆ, ಅದೂ ಈಸ್ಟ್ ಕೋಸ್ಟ್ ಪಾರ್ಕಿನ ಗಟ್ಟಿ ದಾರಿಯಲ್ಲಿ, ಸವೆದ ಶೂನಲ್ಲಿ. ಹೇಳಿದ ತಕ್ಷಣ ಅವರ ಮುಖ ನೋಡಬೇಕಿತ್ತು. ಒಂದೂವರೆ ತಿಂಗಳು ಓಟ ಬಿಟ್ಟೆ, ಈಜಿದೆ, ದಿನಾ ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಿದೆ. ನೋವು ನಿಜವಾಗಿ ಹೋಗಿದ್ದು ಆಗಲೇ. ಸೂಜಿಯಿಂದ ಆ ದಿನಗಳನ್ನು ತಳ್ಳುವುದು ಸುಲಭವಾಯಿತು ಅಂತ ನನ್ನ ಅಂದಾಜು. ಈ ನೋವಿಗೆ ಅಕ್ಯುಪಂಕ್ಚರ್ ಬಗ್ಗೆ ದೊಡ್ಡ, ಗಟ್ಟಿ ಅಧ್ಯಯನಗಳೂ ಜಾಸ್ತಿ ಇಲ್ಲ.

ಕುಡಿಯುವ ಕಷಾಯ ಕೊಟ್ಟರೆ ನೀವು ತಗೊಳ್ಳುವ ಮಾತ್ರೆಗಳನ್ನೆಲ್ಲ ಮೊದಲೇ ಹೇಳಿ. ರಕ್ತ ತೆಳುವಾಗಿಸುವ ವಾರ್ಫರಿನ್ ಇದ್ದರೆ ಅವರ ಡಾಂಗ್‌ಗ್ವೇ, ಡಾನ್‌ಶೆನ್ ಬೇರುಗಳ ಜೊತೆ ಸೇರಿ ರಕ್ತಸ್ರಾವ ಆಗಬಹುದು. ಬಸುರಿಯಾಗಿದ್ದರೆ ಅದನ್ನೂ ಹೇಳಿ, ಕೆಲವು ಬಿಂದುಗಳನ್ನು ಅವರೇ ಬಿಡುತ್ತಾರೆ. ಕಪ್ಪಿಂಗ್ (ಬಟ್ಟಲು ಕವುಚಿ ಚರ್ಮ ಎಳೆಯುವುದು) ಮೀನಖಂಡಕ್ಕೆ ಸರಿ, ಬರೀ ಚರ್ಮ ಹೊದ್ದ ಮೂಳೆ ಮೇಲೆ ಬೇಡ. ಇಲ್ಲಿ ಸಿನ್ಸೆಗಳಿಗೆ ಸರ್ಕಾರಿ ನೋಂದಣಿ ಇದೆ, ಹೆಸರು ಆನ್‌ಲೈನ್‌ನಲ್ಲೇ ಸಿಗುತ್ತದೆ, ನೋಡಿಕೊಂಡು ಹೋಗಿ.

ಅಂದಹಾಗೆ, ವಾರಕ್ಕೆ ಎಷ್ಟು ಓಡುತ್ತಿದ್ದೀರಿ ಅಂತ ನೀವು ಬರೆದೇ ಇಲ್ಲ ಅಲ್ವಾ?