ಹಚ್ಚಿದಾಗ ಹೋಗಿ, ಬಿಟ್ಟಾಗ ಮತ್ತೆ ಬರುವ ಯೀಸ್ಟ್ ಸೋಂಕಿಗೆ ಯಾವ ಕ್ರೀಮ್ ಒಳ್ಳೆಯದು?

ಎದೆಯ ಕೆಳಗಿನ ಮಡಿಕೆಯಲ್ಲಿ ಯೀಸ್ಟ್ ಸೋಂಕು ಅಂತ ಡಾಕ್ಟರ್ ಹೇಳಿದ್ದಾರೆ, ಕ್ಲೋಟ್ರಿಮಜೋಲ್ ಹಚ್ಚಿದರೆ ನಾಲ್ಕೈದು ದಿನಕ್ಕೆ ತುರಿಕೆ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಶುರು, ಇನ್ನೂ ಜೋರಾದ ಕ್ರೀಮ್ ಇದೆಯಾ ಅಂತ ಕೇಳಿದ್ದೀರಿ. ನಾನು ಫಾರ್ಮಸಿಸ್ಟ್. ಇದೇ ಮಾತು ಕೌಂಟರ್‌ನಲ್ಲಿ ಬಹಳ ಸಲ ಕೇಳಿದ್ದೇನೆ. ಸದ್ಯಕ್ಕೆ ಕ್ರೀಮ್ ಬದಲಿಸಬೇಡಿ, ಹಚ್ಚುವ ದಿನ ಜಾಸ್ತಿ ಮಾಡಿ.

ತುರಿಕೆ ನಿಂತಿತು ಅಂದ್ರೆ ಯೀಸ್ಟ್ ಹೋಯಿತು ಅಂತಲ್ಲ. ಕ್ಲೋಟ್ರಿಮಜೋಲ್, ಮೈಕೊನಜೋಲ್, ಕೀಟೊಕೊನಜೋಲ್ ಎಲ್ಲವೂ ಮಾಡುವುದು ಒಂದೇ ಕೆಲಸ. ಯೀಸ್ಟ್ ತನ್ನ ಹೊರಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ತಯಾರಿಸದಂತೆ ತಡೆಯುತ್ತವೆ. ನಡುವೆ ಬಿಟ್ಟರೆ ಉಳಿದಿರುವುದು ಮತ್ತೆ ಬೆಳೆಯುತ್ತದೆ. ಸಾಮಾನ್ಯವಾಗಿ ದಿನಕ್ಕೆ 2 ಸಲದಂತೆ 2ರಿಂದ 4 ವಾರ ಹಚ್ಚಬೇಕು. ಕೆಂಪು ಪೂರ್ತಿ ಮಾಯವಾದ ಮೇಲೂ ಒಂದು ವಾರ ಬಿಡಬೇಡಿ.

ಹಚ್ಚುವ ರೀತಿಯೂ ಮುಖ್ಯ. ಜಾಗ ತೊಳೆದು, ಉಜ್ಜದೆ ಒತ್ತಿ ಒರೆಸಿ, ಸ್ವಲ್ಪ ಹೊತ್ತು ಗಾಳಿಗೆ ಬಿಡಿ. ಒದ್ದೆ ಚರ್ಮದ ಮೇಲೆ ಹಚ್ಚಲೇಬೇಡಿ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯ ತನಕ ಹಿಂಡಿದರೆ ಸುಮಾರು ಅರ್ಧ ಗ್ರಾಂ ಬರುತ್ತದೆ. ಬೆರಳುಗಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ಮಡಿಕೆಯಲ್ಲಿ ಬೆಳ್ಳಗೆ ಮೆತ್ತಿಕೊಂಡು ಉಳಿದರೆ ಅದೇ ತೇವ ಹಿಡಿಯುತ್ತದೆ. ಇನ್ನೊಂದು, ಕೆಂಪು ಜಾಗದ ಅಂಚಿನಾಚೆ ಸಾಸಿವೆ ಗಾತ್ರದ ಬಿಡಿ ಬಿಡಿ ಗುಳ್ಳೆಗಳಿವೆಯಾ ನೋಡಿ. ಅವೂ ಯೀಸ್ಟೇ. ಅವನ್ನೂ ಸೇರಿಸಿ, ಸುತ್ತ ಇನ್ನೆರಡು ಸೆಂಟಿಮೀಟರ್ ಆಚೆಗೂ ಹಚ್ಚಿ. ತುಂಬಾ ಜನ ನಡುವಿನ ಕೆಂಪಿಗೆ ಮಾತ್ರ ಹಚ್ಚಿ ಇವನ್ನು ಬಿಟ್ಟುಬಿಡುತ್ತಾರೆ.

"ಜೋರಾದ ಕ್ರೀಮ್" ಅಂತ ಕೇಳಿ ತಗೊಳ್ಳುವುದು ನನಗೆ ನಿಜಕ್ಕೂ ಭಯ. ಅಂಥ ಟ್ಯೂಬ್‌ಗಳಲ್ಲಿ ಎಷ್ಟೋ ಸಲ ಕ್ಲೋಬೆಟಸಾಲ್‌ನಂಥ ಸ್ಟೀರಾಯ್ಡ್ ಬೆರೆತಿರುತ್ತದೆ. ತುರಿಕೆ ಒಂದೆರಡು ದಿನದಲ್ಲೇ ನಿಲ್ಲುತ್ತದೆ, ಆದರೆ ಸೋಂಕು ಒಳಗೊಳಗೇ ಹರಡಬಹುದು. ಮಡಿಕೆಯ ಚರ್ಮ ಮೊದಲೇ ತೆಳು. ಅದು ಇನ್ನಷ್ಟು ತೆಳುವಾಗಿ ಗೆರೆ ಬಿದ್ದರೆ ಆ ಗೆರೆ ಹೋಗುವುದಿಲ್ಲ. ಉರಿ ಜಾಸ್ತಿ ಇದ್ದರೆ ಡಾಕ್ಟರೇ ಕೆಲವು ದಿನಕ್ಕೆ ಕಡಿಮೆ ಶಕ್ತಿಯ ಸ್ಟೀರಾಯ್ಡ್ ಬರೆಯುವುದುಂಟು, ಅದು ಬೇರೆ ಮಾತು. ಯಾರದೋ ಹುಳುಕಡ್ಡಿಗೆ ಕೊಟ್ಟ ಟರ್ಬಿನಫಿನ್ ಕೂಡ ಬೇಡ. ಹುಳುಕಡ್ಡಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಯೀಸ್ಟ್‌ಗೆ ಅಷ್ಟಿಲ್ಲ.

ಸರಿಯಾಗಿ ಹಚ್ಚಿಯೂ 2 ವಾರದಲ್ಲಿ ಬದಲಾವಣೆ ಕಾಣದಿದ್ದರೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಕೀವು, ಜ್ವರ ಬಂದರೆ ಅಷ್ಟು ದಿನವೂ ಕಾಯಬೇಡಿ. ಪದೇ ಪದೇ ಬರುತ್ತಿರುವುದರಿಂದ ರಕ್ತದ ಸಕ್ಕರೆ ಒಮ್ಮೆ ಪರೀಕ್ಷೆ ಮಾಡಿಸಿ. ಎಷ್ಟೋ ಜನರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಗುವುದೇ ಹೀಗೆ. ಮತ್ತೆ, ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ಮೈಕೊನಜೋಲ್ ಹಚ್ಚಬೇಡಿ. ಚರ್ಮಕ್ಕೆ ಹಚ್ಚಿದರೂ ಅದು ಆ ಮಾತ್ರೆಯ ಪ್ರಭಾವ ಹೆಚ್ಚಿಸಿ ರಕ್ತಸ್ರಾವಕ್ಕೆ ದಾರಿ ಮಾಡಬಹುದು.